ಒಮ್ಮೆ ಮಾತ್ರ ಕಾಣುವ ಚೀಟಿ

ಆ ಚೀಟಿ ತನಗೆಂದೇ ಬರೆದದ್ದೋ, ಇಲ್ಲಾ ಯಾರ ಕಣ್ಣಿಗಾದರೂ ಬೀಳಲಿ ಎಂದು ಬರೆದದ್ದೋ? ಹೆಸರಿರಲಿಲ್ಲವಲ್ಲ. ಹೆಸರಿಲ್ಲದ ಮಾತಿಗೆ ಮೇಲೆ ಬಿದ್ದು ಉತ್ತರ ಕೊಟ್ಟು, ಆಮೇಲೆ 'ನಿಮ್ಮನ್ನ ಯಾರು ಕೇಳಿದ್ರು' ಅನ್ನಿಸಿಕೊಂಡರೆ? ಮಲ್ಲೇಶ ಕಪ್ಪು ಪರದೆಯನ್ನೇ ನೋಡುತ್ತ ಕುಳಿತಿದ್ದ. ಚೀಟಿ ಆಗಲೇ ಅಳಿಸಿಹೋಗಿತ್ತು. 'ರವಿವಾರ ಕುಷ್ಟಗಿಯಿಂದ ನೋಡಾಕ ಬರ್ತಾರ. ನಾ ಏನಂತ ಹೇಳ್ಲಿ?' ಎಂಬ ಎರಡು ಸಾಲು ಮಾತ್ರ ಅವನ ಕಣ್ಣೊಳಗೆ ಉಳಿದಿದ್ದವು.

ಗಂಗಾವತಿಯ ಅಕ್ಕಿ ಗಿರಣಿಗಳಿಗೆ ತೂಕ ಮತ್ತು ತೇವ ನೋಡುವ ಸಾಫ್ಟ್‌ವೇರ್ ಬರೆದುಕೊಡುವ ಕುಬೇರಪ್ಪನವರ ಆಫೀಸಿನಲ್ಲಿ ಕೆಲಸಕ್ಕಿದ್ದವರು ಮೂವರೇ. ಮಲ್ಲೇಶ, ದುರಗೇಶ, ಮತ್ತೆ ಕನಕಗಿರಿಯಿಂದ ದಿನಾ ಬಸ್ಸಿಗೆ ಬರುವ ಮಹೇಶ್ವರಿ. ಬರೆದದ್ದನ್ನು ಗಿರಣಿಗೆ ಕಳಿಸುವ ಮೊದಲು ಸೋಸಲೆಂದು ಮಲ್ಲೇಶ ಒಂದು ಸಾಧನ ಮಾಡಿದ್ದ. ಅದಕ್ಕೆ ಗುಂಡಿಯಿಲ್ಲ, ಚಿತ್ರವಿಲ್ಲ. ಕಮಾಂಡ್ ಲೈನಿನಲ್ಲಿ 'ಜರಡಿ' ಎಂದು ಟೈಪ್ ಮಾಡಿದರೆ ಓಡುತ್ತಿತ್ತು. ಅದಕ್ಕೆ ಜೋಡಿಸುವ ಪ್ಲಗಿನ್‌ಗಳನ್ನು ಬರೆದವಳು, ಹೆಸರಿಟ್ಟವಳು ಮಹೇಶ್ವರಿ. 'ಕಲ್ಲು' ತಪ್ಪು ಹುಡುಕುತ್ತಿತ್ತು. 'ನುಚ್ಚು' ಅರ್ಧಕ್ಕೆ ಬಿಟ್ಟ ಸಾಲುಗಳನ್ನು ತೋರಿಸುತ್ತಿತ್ತು. 'ತೌಡು' ಬೇಡದ್ದನ್ನು ತೆಗೆಯುತ್ತಿತ್ತು. ಕೊನೆಯದು 'ಚೀಟಿ'. ಒಬ್ಬರು ಬಿಟ್ಟ ಮಾತು, ಅವರ ನಂತರ ಜರಡಿ ಓಡಿಸಿದವರಿಗೆ ಒಮ್ಮೆ ಕಂಡು ಅಳಿದುಹೋಗುತ್ತಿತ್ತು.

ಮಲ್ಲೇಶ, ಮಹೇಶ್ವರಿ ಇಬ್ಬರೂ ಕುಳಿತಿದ್ದದ್ದು ನಾಲ್ಕು ಮೊಳದ ಅಂತರದಲ್ಲಿ. ಆದರೆ ಮದುವೆಯಾಗದ ಹುಡುಗಿಯ ಜೊತೆ ನಾಲ್ಕು ಮಾತು ಹೆಚ್ಚಾದರೆ, ಐದನೆಯದು ಮೆಟ್ಟಿಲಿಳಿದು ಕೆಳಗಿನ ಕಿರಾಣಿ ಅಂಗಡಿ ಮುಟ್ಟುತ್ತಿತ್ತು. ಹಾಗಾಗಿ ಎರಡು ವರ್ಷ ಮಾತೆಲ್ಲ ಚೀಟಿಯಲ್ಲೇ ನಡೆದಿತ್ತು. 'ಇವತ್ತ ನಿಂತಗೊಂಡ ಬಂದೆ, ಕಾಲು ಹರ್ಯಾಕತ್ಯಾವ.' 'ಪುಂಡಿಪಲ್ಯ ತಂದೀನಿ, ಡಬ್ಬಿ ಕಿಡಕ್ಯಾಗ ಐತಿ.'

ಆ ವಾರ ದುರಗೇಶ ಬಸುರಿ ಅಕ್ಕನ ಕುಪ್ಪಸದ ಕಾರ್ಯಕ್ಕೆಂದು ಇಟಗಿಗೆ ಹೋಗಿದ್ದ. ಅವಳ ನಂತರ ಜರಡಿ ಓಡಿಸುವವನು ತಾನೊಬ್ಬನೇ ಎಂಬುದು ಮಲ್ಲೇಶನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ, ಹೆಸರಿಲ್ಲವಲ್ಲ ಎಂಬ ನೆಪಕ್ಕೆ ಅವನು ಜೋತುಬಿದ್ದ.

'ಬ್ಯಾಡ ಅನ್ರಿ' ಎಂದು ಟೈಪ್ ಮಾಡಿದ. ಅಳಿಸಿದ. ಮತ್ತೆ ಮಾಡಿದ. ಮತ್ತೆ ಅಳಿಸಿದ.

ಐದಕ್ಕೆ ಮಹೇಶ್ವರಿ ಚೀಲದ ಜಿಪ್ಪು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ನಾಳೆ ನಾ ರಜಾ ಅದೀನ್ರಿ."

"ಹೂಂ ರಿ."

ಅವಳು ಮೆಟ್ಟಿಲಿಳಿದ ಮೇಲೆ ಕುಬೇರಪ್ಪ ಎಲೆ ಅಡಿಕೆ ಜಗಿಯುತ್ತ ನಕ್ಕರು. "ಮಲ್ಲೇಶಪ್ಪಾ, ಎಲ್ಲಾಕ್ಕೂ ಪ್ಲಗಿನ್ ಮಾಡೀರಿ. ನಿನ್ನ ಬಾಯಿಗೂ ಒಂದು ಹಾಕಸ್ಬೇಕಿತ್ತು ನೋಡಪಾ."

ಶನಿವಾರವಿಡೀ ಫೋನು ಅವನ ಕಿಸೆಯಲ್ಲೇ ಇತ್ತು. ನಂಬರೂ ಇತ್ತು. ಎರಡು ವರ್ಷದಲ್ಲಿ ಒಮ್ಮೆಯೂ ಒತ್ತದ ನಂಬರನ್ನು ಆ ದಿನವೂ ಅವನು ಒತ್ತಲಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲು ಬಂದ. ಚೀಟಿ ಓದಿದಿರಾ ಎಂದು ಅವಳು ಕೇಳಿಯೇ ಕೇಳುತ್ತಾಳೆ, ಏನು ಹೇಳುವುದು? 'ಚೀಟಿ' ಪ್ಲಗಿನ್ ತೆರೆದು, ಜರಡಿಗೆ ಹೊಂದುವ ಅದರ ಆವೃತ್ತಿಯ ನಂಬರು ತಿದ್ದಿದ. ಇನ್ನು ಜರಡಿ ಅದನ್ನು ಎತ್ತಿಕೊಳ್ಳುವುದಿಲ್ಲ. ತಿದ್ದಿದ್ದನ್ನು ದಾಖಲು ಮಾಡುವುದು ಕೈಗೆ ಅಂಟಿದ ರೂಢಿ, ಅದನ್ನೂ ಮಾಡಿಬಿಟ್ಟ.

ಮಹೇಶ್ವರಿ ಪೇಡೆಯ ಡಬ್ಬಿ ಹಿಡಿದು ಬಂದಳು. ಹುಡುಗ ತಾಲೂಕ ಪಂಚಾಯ್ತಿಯಲ್ಲಿ ನೌಕರ, ತಾಂಬೂಲ ಬದಲಾಗಿತ್ತು. ಕುಬೇರಪ್ಪ ಎರಡು ಪೇಡೆ ತಿಂದರು. ಡಬ್ಬಿ ಮಲ್ಲೇಶನ ಮೇಜಿಗೆ ಬಂದಾಗ ಅವಳು ದನಿ ತಗ್ಗಿಸಿದಳು.

"ಶುಕ್ರವಾರ ಒಂದು ಚೀಟಿ ಬಿಟ್ಟಿದ್ದೆ. ಬಂತೇನ್ರಿ?"

"ಇಲ್ರಿ. ಜರಡಿ ಹೊಸದು ಮಾಡಿದ ಮ್ಯಾಲೆ ಆ ಪ್ಲಗಿನ್ ಎದ್ದಿಲ್ಲ."

"ಹಂಗಾರ ನೀವು ಓದೇ ಇಲ್ಲ," ಎಂದಳು. ಅವಳ ಮುಖ ಹಗುರಾಯಿತು. ಆ ಹಗುರವನ್ನು ನೋಡಲಾಗದೆ ಅವನು ಪೇಡೆ ಬಾಯಿಗಿಟ್ಟುಕೊಂಡ.

ಮೂರು ವಾರಕ್ಕೆ ಆಫೀಸಿನಲ್ಲಿ ಅವಳ ಕೊನೆಯ ದಿನ ಬಂತು. ತನ್ನ ಪ್ಲಗಿನ್‌ಗಳನ್ನು ದುರಗೇಶನಿಗೆ ಒಪ್ಪಿಸಬೇಕಿತ್ತು. ಕಲ್ಲು, ನುಚ್ಚು, ತೌಡು ಮೂರನ್ನೂ ಓಡಿಸಿ ತೋರಿಸಿದಳು.

"ಚೀಟಿ ಕೆಟ್ಟೈತಂತ. ಕೆಟ್ಟಿದ್ದನ್ನ ಬಿಟ್ಟು ಹೋಗಬಾರದು."

"ಇರ್ಲಿ ಬಿಡ್ರಿ," ಎಂದ ಮಲ್ಲೇಶ.

"ಅಣ್ಣಾರ, ಮಾಡ್ಲಿ ಬಿಡ್ರಿ," ಎಂದ ದುರಗೇಶ. "ನಾಳಿಂದ ನನ್ನ ತಲಿಗೇ ಬರೋದು."

ಅವಳು ಆ ಪ್ಲಗಿನ್‌ನ ದಾಖಲೆ ತೆಗೆದಳು. ಯಾರು, ಯಾವಾಗ, ಏನು ತಿದ್ದಿದರು ಎಂಬುದೆಲ್ಲ ಅದರಲ್ಲಿ ಸಾಲಾಗಿ ಇರುತ್ತದೆ. ಎಲ್ಲಕ್ಕೂ ಮೇಲೆ ಒಂದೇ ಹೊಸ ಸಾಲು: ಮಲ್ಲೇಶ, ಸೋಮವಾರ, ಮುಂಜಾನೆ ಎಂಟೂ ನಲವತ್ತು. ಅಂದರೆ ಶುಕ್ರವಾರ ಆ ಪ್ಲಗಿನ್ ನೆಟ್ಟಗೇ ಇತ್ತು.

ಅವಳ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಹೊರಗೆ ಭತ್ತದ ಲಾರಿಯೊಂದು ಹಾರ್ನ್ ಹಾಕುತ್ತ ಹೋಯಿತು. ಆಮೇಲೆ ನಂಬರು ಸರಿ ಮಾಡಿದಳು.

"ಏನಾಗಿತ್ರಿ ಅಕ್ಕಾರ?"

"ಏನಿಲ್ಲ ದುರಗೇಶ. ಯಾರೋ ಗಡಿಬಿಡ್ಯಾಗ ಒಂದು ನಂಬರ್ ತಿದ್ಯಾರ."

ಚೀಲ ಹೆಗಲಿಗೆ ಹಾಕಿಕೊಂಡು ಕುಬೇರಪ್ಪನವರಿಗೆ ಕೈ ಮುಗಿದಳು. ಮಲ್ಲೇಶನ ಮೇಜಿನ ಮುಂದೆ ಬಂದಾಗ, "ಬರ್ತೀನ್ರಿ," ಎಂದಳು. ಜಿಪ್ಪಿಗೆ ಕೈ ಹಚ್ಚಲಿಲ್ಲ. ಅವನು ತಲೆಯಾಡಿಸಿದ.

ಅವಳು ಕನಕಗಿರಿಯ ಬಸ್ಸು ಹತ್ತಿರಬಹುದಾದ ಹೊತ್ತಿಗೆ ಮಲ್ಲೇಶ ಜರಡಿ ಓಡಿಸಿದ. ಕಲ್ಲು ಇಲ್ಲ. ನುಚ್ಚು ಇಲ್ಲ. ತೌಡು ಇಲ್ಲ. ಚೀಟಿಯ ಜಾಗ ಖಾಲಿ ಇತ್ತು.

ಶುಕ್ರವಾರದ ಚೀಟಿಯನ್ನು ಓದಿದ್ದೆ ಎಂದು ಮಲ್ಲೇಶ ಅವಳಿಗೆ ಎಂದೂ ಹೇಳಲಿಲ್ಲ.