ನನ್ನ ಬೆನ್ನಿನ ತಗ್ಗು

ನಾನೊಂದು ಹಾಲುಹಲ್ಲು, ಮೇಲ್ದವಡೆಯ ನಟ್ಟನಡುವಿನವಳು. ಚಿಕ್ಕವಳೆಂದು ಮೂಗು ಮುರಿಯಬೇಡಿ. ನನ್ನ ಹುಡುಗಿ ನೀಲಗಂಗಾ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ನನ್ನ ಆಕಾರ ಮೂಡಿತ್ತು. ಮುಂದೆ ನುಣುಪು, ಹಿಂದೆ ಎರಡೂ ಅಂಚು ಎದ್ದು ನಡುವೆ ತಗ್ಗು, ಪುಟ್ಟ ಸಲಿಕೆಯ ಹಾಗೆ. ಪಕ್ಕದವಳೂ ಹಾಗೆಯೇ. ಇಬ್ಬರೂ ಕಬ್ಬು ಸಿಗಿದೆವು, ಪೇರಲ ಕಚ್ಚಿದೆವು, ಒಮ್ಮೆ ಅಣ್ಣನ ತೋಳನ್ನೂ ಬಿಡಲಿಲ್ಲ. ಆಗೆಲ್ಲ ಯಾರೂ ನಮ್ಮ ಕುಲಗೋತ್ರ ಕೇಳಲಿಲ್ಲ.

ಕೇಳಿದವರು ಶಾಲೆಗೆ ಬಂದ ಹಲ್ಲಿನ ಡಾಕ್ಟರು ವಸುಮತಿ. ಮುಂಡಗೋಡದ ಹತ್ತಿರದ ಆ ಶಾಲೆಯಲ್ಲಿ ಊರ ಮಕ್ಕಳೂ ಟಿಬೆಟನ್ ಕ್ಯಾಂಪಿನ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಯಾವ ಜನರಲ್ಲಿ ಹಾಲುಹಲ್ಲು ಯಾವ ಆಕಾರ ಎಂಬುದು ಆಕೆಯ ಅಧ್ಯಯನ. ಅಲ್ಲಾಡುವ ಹಲ್ಲು ಕಿತ್ತು, ಅಳೆದು, ಸಂಜೆ ಮರಳಿಸುವುದಾಗಿ ಮಾತು. ಊರಿನವರಿಗೆ ಒಂದು ತಟ್ಟೆ, ಕ್ಯಾಂಪಿನವರಿಗೆ ಇನ್ನೊಂದು.

ಕಿತ್ತ ಕೂಡಲೇ ನಾನು ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದೆ. ಆಮೇಲೆ ಯಾವಾಗಲೋ ಕಣ್ಣಿಗೆ ಬಿದ್ದಾಗ ಆಕೆ ಹೆಕ್ಕಿಕೊಂಡು, ಬೆನ್ನಿನ ತಗ್ಗು ನೋಡಿ, ಇಂಥದ್ದು ಟಿಬೆಟನ್ನರಲ್ಲೇ ಹೆಚ್ಚೆಂದು ಎರಡನೇ ಮಾತಿಲ್ಲದೆ ಕ್ಯಾಂಪಿನ ತಟ್ಟೆಗೆ ಹಾಕಿದರು. ನನಗೆ ಮೈಯೆಲ್ಲ ಉರಿಯಿತು. ಆ ತಟ್ಟೆಯವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನನ್ನ ಬೆನ್ನು ನೋಡಿ ನನ್ನ ಊರು ಹೇಳಲು ಈಕೆ ಯಾರು?

ಸಂಜೆ ನೀಲಗಂಗಾ ತನ್ನ ಹಲ್ಲಿಗಾಗಿ ಡಾಕ್ಟರ ಮುಂದೆ ಕೈಯೊಡ್ಡಿದಳು. ಮನೆಯಲ್ಲಿ ಅಜ್ಜಿ ಸಗಣಿ ಕಲಸಿಟ್ಟು ಕಾಯುತ್ತಿದ್ದಳು. ಬಿದ್ದ ಹಲ್ಲನ್ನು ಸಗಣಿ ಉಂಡೆಯೊಳಗಿಟ್ಟು ಮನೆಯ ಮಾಡಿನ ಹಂಚಿನ ಮೇಲೆ ಎಸೆದರೇ ಹೊಸದು ಬರುವುದೆಂದು ಅವರ ನಂಬಿಕೆ. ಪರರ ಹಲ್ಲು ಎಸೆದರೆ ತನಗೆ ಬೊಚ್ಚುಬಾಯಿಯೇ ಗತಿ ಎಂದು ಹುಡುಗಿಗೆ ಹೆದರಿಕೆ. ಡಾಕ್ಟರು ಊರಿನ ತಟ್ಟೆಯಲ್ಲಿ ಉಳಿದಿದ್ದ ಹಲ್ಲೊಂದನ್ನು ಕೊಟ್ಟರು. ಅವಳು ಅದರ ಬೆನ್ನು ಸವರಿ ನೋಡಿದಳು.

“ಇದು ನಂದಲ್ರಿ. ನನ್ನ ಹಲ್ಲಿಗೆ ಹಿಂದ ತಗ್ಗ ಐತಿ.”

“ನಿಮ್ಮ ಕಡೆಯವರಲ್ಲಿ ಅದು ಕಡಿಮೆ, ಮಗು. ಅದು ಕ್ಯಾಂಪಿನವರದು.”

“ಕಡಿಮಿ ಅಂದ್ರ ಇಲ್ಲಂತೇನ್ರಿ? ಅದರ ಜೋಡಿದು ಇನ್ನೂ ಬಾಯಾಗ ಐತಿ, ನೋಡ್ರಿ.”

ಕಣ್ಣಲ್ಲಿ ನೀರಿತ್ತು, ಆದರೂ ಬಾಯಿ ಅಗಲವಾಗಿ ತೆರೆದಳು. ಡಾಕ್ಟರು ಪುಟ್ಟ ಕನ್ನಡಿ ಹಿಡಿದು ನೋಡಿದರು. ಪಕ್ಕದವಳ ತಗ್ಗು ಎದ್ದು ಕಂಡಿತು. ಕ್ಯಾಂಪಿನ ಗೆಳತಿ ಪೆಮಾ ತಾನೂ ಬಾಯಿ ತೆರೆದು ನಿಂತಳು. ಅವಳ ಹಲ್ಲುಗಳ ಹಿಂಬದಿ ಸಪಾಟಾಗಿತ್ತು.

“ನಂದೇ ತಪ್ಪು,” ಎಂದರು ಡಾಕ್ಟರು. ನನ್ನನ್ನು ನೀಲಗಂಗಾಳ ಅಂಗೈಯಲ್ಲಿಟ್ಟು, “ಇದನ್ನ ನನಗೆ ಕೊಡ್ತೀಯಾ?” ಎಂದರು.

“ಇಲ್ರಿ,” ಎಂದು ಅವಳು ಮುಷ್ಟಿ ಬಿಗಿದಳು.

ಈಗ ನಾನು ಹಂಚಿನ ಮೇಲಿದ್ದೇನೆ. ಸಗಣಿ ಉದುರಿದೆ, ಬಿಸಿಲಿಗೆ ಹಳದಿಯಾಗಿದ್ದೇನೆ. ಕೆಳಗೆ ಅಂಗಳದಲ್ಲಿ ನೀಲಗಂಗಾ ಹೊಸ ಹಲ್ಲಿಗೆ ನಾಲಿಗೆ ತಾಗಿಸಿ, “ಅಜ್ಜಿ, ಇದಕ್ಕೂ ತಗ್ಗ ಐತಿ,” ಎನ್ನುತ್ತಿದ್ದಾಳೆ. ನನ್ನಂಥವರು ಕೆಲವು ಜನರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. ಅಳೆಯಲಿ, ನನ್ನ ತಕರಾರಿಲ್ಲ. ಆದರೆ ನಾನು ಯಾರವಳೆಂದು ಹೇಳುವ ಮುಂಚೆ, ನಾನಿದ್ದ ಬಾಯಿಯನ್ನು ಒಂದು ಮಾತು ಕೇಳಲಿ.