ನಾಳೆಯಿಂದ ಬರಬೇಡಮ್ಮ

ನಾನು ಅಕ್ಕ ಎನ್ನುವುದು ನನ್ನ ಓರಗಿತ್ತಿಗೆ. ನಮ್ಮ ಗಂಡಂದಿರು ಅಣ್ಣ ತಮ್ಮ; ಇಬ್ಬರೂ ತೀರಿಹೋದರು. ಉಳಿದ ನಾವಿಬ್ಬರು ಒಂದೇ ಮನೆಯಲ್ಲಿದ್ದುಕೊಂಡು ಒಂದೇ ಹೊಲಿಗೆ ಅಂಗಡಿಗೆ ಹೋಗುತ್ತಿದ್ದೆವು. ನನ್ನದು ಇಸ್ತ್ರಿ, ಅವಳದು ಕಾಜ.

ಕಾಜ ಎಂದರೆ ಗುಂಡಿ ತೂರುವ ಕಂಡಿ. ಅಂಗಿಗಳಿಗೆ ಮೆಷಿನ್ ಕಾಜ ಬಂದು ಎಷ್ಟೋ ಕಾಲವಾಗಿತ್ತು. ಕೋಟಿಗೆ ಮಾತ್ರ ಕೈಯಿಂದಲೇ ಆಗಬೇಕು ಎಂಬುದು ಅಂಗಡಿಯ ಯಜಮಾನರಾದ ಕಟಿಂಗ್ ಮಾಸ್ತರ ಹಟ. ಬಟ್ಟೆ ಕತ್ತರಿಸಿ, ಹೊಲಿದು, ಒಳಬಟ್ಟೆ ಕೂರಿಸಿ, ತೋಳು ಸೇರಿಸಿ, ಎಲ್ಲ ಮುಗಿದ ಮೇಲೆ ಆ ಹೊಸ ಕೋಟಿನ ಎದೆಗೆ ಕತ್ತರಿ ಹಾಕುವುದು ಅವಳ ಕೆಲಸ. ಸೀಮೆಸುಣ್ಣದ ಗುರುತಿನಿಂದ ಒಂದೆಳೆ ಆಚೆ ಹೋದರೆ ನಾಲ್ಕು ಜನರ ವಾರದ ದುಡಿಮೆ ಚಿಂದಿ. ಹೊಲಿಗೆ ಮೆಷಿನ್ನಿನ ಮುಂದೆ ಕೂರುವವನೊಬ್ಬನಿದ್ದ. ಎಲ್ಲದಕ್ಕೂ ವಾದ ಹೂಡುವನೆಂದು ಅವನಿಗೆ ವಕೀಲ ಎಂದೇ ಹೆಸರು. "ನಾವು ಒಂಬತ್ತು ತಿಂಗಳು ಹೊತ್ತಿದ್ದನ್ನ ಅಕ್ಕ ಒಂದು ಗಳಿಗೇಲಿ ಕುಯ್ತಾಳೆ" ಎನ್ನುತ್ತಿದ್ದ.

ಇಪ್ಪತ್ತಾರು ವರ್ಷ ಅವಳು ಒಂದನ್ನೂ ತಪ್ಪಿ ಕುಯ್ದಿರಲಿಲ್ಲ. ಆಮೇಲೆ ಬಲಗೈ ನಡುಗತೊಡಗಿತು.

ವಿಚಿತ್ರವೆಂದರೆ ಮನೆಯಲ್ಲಿ ನಡುಕವಿಲ್ಲ. ತುಂಬಿದ ಲೋಟ ಹಿಡಿದರೆ ತುಳುಕದು. ಬೀಗಕ್ಕೆ ಕೀಲಿ ಹಾಕಿದರೆ ತಡವರಿಸದು. ಸೂಜಿ ಹಿಡಿದು ಕೋಟಿನ ಹತ್ತಿರ ಒಯ್ದಳೋ, ಗಾಳಿಗೆ ಸಿಕ್ಕ ಎಲೆ. ಡಾಕ್ಟರು ವಯಸ್ಸಾಯಿತು ಎಂದರು, ಮಾತ್ರೆ ಕೊಟ್ಟರು. ಮಾತ್ರೆಯಿಂದ ನಿದ್ದೆ ಬಂತು, ನಡುಕ ಹೋಗಲಿಲ್ಲ.

ಅವಳು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ಮಣಿಕಟ್ಟಿಗೆ ಬಟ್ಟೆ ಬಿಗಿದಳು. ಮೊಣಕೈಯನ್ನು ಮೇಜಿಗೆ ಒತ್ತಿ ಒತ್ತಿ ಚರ್ಮ ಕಪ್ಪಾಯಿತು. ಅಂಗಡಿ ತೆರೆಯುವ ಮುಂಚೆಯೇ ಹೋಗಿ ಬಾಗಿಲಲ್ಲಿ ನಿಂತು, ಚೂರು ಬಟ್ಟೆಗಳ ಮೇಲೆ ಕಾಜ ಹಾಕಿ ಕೈ ಪಳಗಿಸಿದಳು. ಉಸಿರು ಕಟ್ಟಿ ಒಂದೊಂದು ಹೊಲಿಗೆ ಹಾಕುವಳು. ಹೊಲಿಗೆ ಹಲ್ಲುಬಿದ್ದ ಬಾಯಿಯ ಹಾಗೆ ಕಾಣುವುದು. ಬಿಚ್ಚುವಳು, ಮತ್ತೆ ಹಾಕುವಳು. ಬಿಚ್ಚಿದ ಜಾಗದಲ್ಲಿ ಬಟ್ಟೆ ಎಳೆ ಬಿಟ್ಟು ಜೂಲಾಗುವುದು.

"ಸ್ವಲ್ಪ ಬಿಡಕ್ಕ, ಎದ್ದು ಓಡಾಡು" ಎಂದರೆ, "ಬಿಟ್ಟರೆ ನನಗೆ ಇನ್ನೇನಿದೆ ಹೇಳು" ಎನ್ನುವಳು.

ಅದೂ ನಿಜವೇ. ಮಕ್ಕಳಿಲ್ಲ. ಬೀದಿಯವರು ಅವಳನ್ನು ಕಾಜದಕ್ಕ ಎಂದೇ ಕರೆಯುವುದು. ಕಿಟಕಿಯ ಪಕ್ಕದ ಆ ಕುರ್ಚಿ ಹೋದರೆ ಅವಳು ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳಲಿಕ್ಕೂ ಕಾರಣವಿರಲಿಲ್ಲ.

ಒಂದು ಗುರುವಾರ, ಯಾವುದೋ ವಾದ್ಯದವರ ಹನ್ನೆರಡು ಕೋಟುಗಳಲ್ಲಿ ಏಳನೆಯದಕ್ಕೆ ಕತ್ತರಿ ಜಾರಿತು. ಅರ್ಧ ಬೆರಳಿನಷ್ಟು. ವಕೀಲ ಮೆಷಿನ್ ನಿಲ್ಲಿಸಿ ನೆಲ ನೋಡಿದ.

ಮಾಸ್ತರು ಮೆತ್ತನೆ ಮನುಷ್ಯ. ಕೋಟು ಕೈಗೆತ್ತಿಕೊಂಡು ಹರಿದ ಜಾಗವನ್ನು ಬೆರಳಿನಿಂದ ಸವರಿದರು. ಆಮೇಲೆ, "ನಾಳೆಯಿಂದ ಬರಬೇಡಮ್ಮ" ಎಂದರು. "ಕಾಜದ ಮೆಷಿನ್ನಿನವರ ಹತ್ತಿರ ಮಾತಾಡ್ತೀನಿ. ನಿನಗೂ ಸಾಕಾಗಿದೆ, ನನಗೂ ನೋಡಕ್ಕಾಗ್ತಿಲ್ಲ."

"ಆಯ್ತು" ಎಂದಳು. ಅಷ್ಟೇ.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಕುರ್ಚಿಯ ಮೇಲಿನ ದಿಂಬು ತೆಗೆದು ಚೀಲಕ್ಕೆ ಹಾಕಿದಳು. ಮೇಣದ ತುಂಡು, ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಟೋಪಿ ಹಾಕಿದಳು. ಹೊರಡಬೇಕು ಎನ್ನುವಷ್ಟರಲ್ಲಿ ಆರನೆಯ ಕೋಟಿಗೆ ಮೂರು ಕಂಡಿ ಆಗಲೇ ಕತ್ತರಿಸಿಟ್ಟಿದ್ದು ಕಣ್ಣಿಗೆ ಬಿತ್ತು. ಕತ್ತರಿಸಿದ ಕಾಜ ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಎಳೆ ಬಿಚ್ಚಿಕೊಳ್ಳುತ್ತದೆ. ನಿಟ್ಟುಸಿರು ಬಿಟ್ಟು ಕೂತಳು.

"ಮನೇಲಿ ಸೋಪು ಮುಗಿದಿದೆ ಅಲ್ವಾ?" ಎಂದಳು ನನಗೆ, ದಾರಕ್ಕೆ ಮೇಣ ಸವರುತ್ತ.

"ಇದೆ, ಒಂದು ಚೂರು."

"ಚೂರು ಸಾಲದು. ಹೋಗ್ತಾ ತಗೊಳ್ಳೋಣ. ಆಮೇಲೆ ಆ ಹಿಂದಿನ ಬಾಗಿಲ ಚಿಲಕ ಬೀಳಲ್ಲ, ಯಾರಿಗಾದ್ರೂ ಹೇಳು. ನಾನು ಇನ್ನು ಮನೇಲೇ ಇರ್ತೀನಲ್ಲ, ಬಿಡು, ನಾನೇ ನೋಡ್ತೀನಿ."

ಹೀಗೆ ಮಾತಾಡುತ್ತ ಕಿಟಕಿಯಾಚೆ ನೋಡುತ್ತಿದ್ದಳು. ಬೀದಿಯಲ್ಲಿ ಯಾರೋ ಸೈಕಲ್ಲಿನ ಚೈನು ಹಾಕುತ್ತಿದ್ದರು. ಇಸ್ತ್ರಿ ಹಿಡಿದ ನಾನು ಅವಳ ಕೈ ನೋಡಿದೆ. ಅಲುಗುತ್ತಿರಲಿಲ್ಲ. ಸೂಜಿ ಒಳಗೆ ಹೋಗಿ ಬಂದು, ಗಂಟು ಅಂಚಿನ ಮೇಲೆ ತಾನಾಗಿ ಕೂರುತ್ತಿತ್ತು. ಒಂದರ ಪಕ್ಕ ಇನ್ನೊಂದು, ರಾಗಿ ಕಾಳು ಸಾಲಿಟ್ಟ ಹಾಗೆ. ಒಂದು ಕಾಜ ಹಾಕುವ ಹೊತ್ತಿನಲ್ಲಿ ಮೂರೂ ಮುಗಿದವು.

ಮಾಸ್ತರು ಕೋಟನ್ನು ದೀಪದ ಕೆಳಗೆ ಹಿಡಿದರು. ತಿರುಗಿಸಿ ಒಳಭಾಗ ನೋಡಿದರು. "ಇಷ್ಟು ಚೆನ್ನಾಗಿ ನೀನು ಯಾವತ್ತೂ ಹಾಕಿಲ್ಲವಲ್ಲಮ್ಮ" ಎಂದರು. "ನಾಳೆ ಬಾ. ನಾನು ಅಂದಿದ್ದನ್ನ ಮರೆತುಬಿಡು."

ನಾವು ಮಾಡಿದ ತಪ್ಪು ಅದೇ. ಎಲ್ಲರೂ ಸಂತೋಷಪಟ್ಟೆವು, ಅದನ್ನು ಅವಳಿಗೆ ಹೇಳಿದೆವು. ವಕೀಲ ಎದ್ದು ದಿಂಬನ್ನು ತಾನೇ ಕುರ್ಚಿಗೆ ಹಾಕಿದ. ಅಕ್ಕ ಅಂದು ಊಟ ಮಾಡುವಾಗ ನಕ್ಕಳು ಕೂಡ.

ಮರುದಿನ ಸೂಜಿಗೆ ದಾರ ಪೋಣಿಸಲಿಕ್ಕೂ ಆಗಲಿಲ್ಲ. ಕೈ ಮಾತ್ರವಲ್ಲ, ಭುಜದಿಂದಲೇ ನಡುಕ. ಮಧ್ಯಾಹ್ನದವರೆಗೆ ಎರಡು ದಾರ ತುಂಡಾದವು, ಅರ್ಧ ಕಾಜವೂ ಆಗಲಿಲ್ಲ. ಕೊನೆಗೆ ಅವಳು ಮಾಸ್ತರ ಮೇಜಿನ ಮುಂದೆ ಹೋಗಿ ನಿಂತಳು.

"ಮಾಸ್ತರೇ, ಬೇಡ ಅನ್ನಿ."

"ಏನು ಬೇಡ?"

"ನಾಳೆಯಿಂದ ಬರಬೇಡ ಅನ್ನಿ. ನಿನ್ನೆ ಅಂದ ಹಾಗೇ ಅನ್ನಿ. ಕೆಲಸ ಇದೆ ಅಂತ ಗೊತ್ತಾದ್ರೆ ಕೈಗೂ ಗೊತ್ತಾಗುತ್ತೆ."

ಮಾಸ್ತರು ನನ್ನ ಕಡೆ ನೋಡಿದರು. ಬೇಸತ್ತು, "ಸರಿ, ಬರಬೇಡಮ್ಮ, ಇವತ್ತಿಗೆ ಮುಗೀತು" ಎಂದರು. ಅವಳು ಹೋಗಿ ಕೂತು ಸಂಜೆಯೊಳಗೆ ಐದು ಕಾಜ ಹಾಕಿದಳು. ಐದೂ ಒಂದನ್ನೊಂದು ಮೀರಿಸುವಂತಿದ್ದವು.

ಅಂದಿನಿಂದ ಅದೇ ಪದ್ಧತಿಯಾಯಿತು. ಅಂಗಡಿ ತೆರೆದ ಕೂಡಲೆ ಮಾಸ್ತರು ಅವಳನ್ನು ಕೆಲಸದಿಂದ ತೆಗೆಯುವರು. ಅವಳು ಕೂತು ಹೊಲಿಯುವಳು. "ಮದುವೆ ಆದ ದಿನದಿಂದ ನನ್ನ ಹೆಂಡತೀನೂ ಬಿಟ್ಟುಹೋಗ್ತೀನಿ ಅಂತಾಳೆ. ನನ್ನ ಹೊಲಿಗೆ ಮಾತ್ರ ಸುಧಾರಿಸಲಿಲ್ಲ" ಎಂದ ವಕೀಲ. ಮೊದಮೊದಲು ಅವಳೂ ನಕ್ಕಳು.

ನಕ್ಕಷ್ಟು ದಿನ ಕೈ ನಡುಗಿತು. ಮಾತು ಆಟವೆಂದು ತಿಳಿದರೆ ನಡೆಯದು, ನಿಜವಿರಬಹುದು ಎನಿಸಬೇಕು. ಮೆತ್ತನೆಯ ಮಾಸ್ತರು ಅವಳಿಗಾಗಿ ಗಡುಸಾಗಬೇಕಾಯಿತು. ಮುಖ ನೋಡದೆ ಹೇಳಲು ಕಲಿತರು. ಒಂದು ದಿನ ಅವಳ ಕುರ್ಚಿಯನ್ನೇ ಎತ್ತಿ ಹಿತ್ತಿಲಿನಲ್ಲಿ ಇಟ್ಟರು. ಅವಳು ನೆಲದ ಮೇಲೆ ಕೂತು ಹೊಲಿದಳು. ಇನ್ನೊಂದು ದಿನ ಕಾಜದ ಮೆಷಿನ್ನಿನವನು ಬಂದು ಕಿಟಕಿಯ ಪಕ್ಕದ ಜಾಗದ ಅಳತೆ ತೆಗೆದುಕೊಂಡು ಹೋದ. ಅವನನ್ನು ಕರೆಸಿದ್ದು ನಾಟಕಕ್ಕೋ ನಿಜಕ್ಕೋ ನನಗೂ ತಿಳಿಯಲಿಲ್ಲ.

ಇತ್ತ ಅಂಗಡಿಯ ಕಾಜಕ್ಕೆ ಹೆಸರು ಬಂತು. ದೂರದಿಂದ ಕೋಟು ಹೊಲಿಸಲು ಬಂದರು. ಹೊಗಳಿಕೆ ಅವಳ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಯಿತು. ಒಬ್ಬ ಮುದುಕರು ಗುಂಡಿ ಹಾಕಿ, ತೆಗೆದು, ಮತ್ತೆ ಹಾಕಿ, "ಇದನ್ನ ಮಾಡಿದ ಕೈ ನೋಡಬೇಕಲ್ಲ" ಎಂದರು. ಮಾಸ್ತರು, "ಅವರು ಕೆಲಸ ಬಿಟ್ಟರು ಸ್ವಾಮಿ" ಎಂದರು. ಗಿರಾಕಿಗಳ ಕಣ್ಣಿಗೆ ಬೀಳದಂತೆ ಕಟ್ಟಿದ ಪರದೆಯ ಹಿಂದೆ ಅಕ್ಕ ತಲೆ ಎತ್ತಲಿಲ್ಲ. ನಾನು ಇಸ್ತ್ರಿಯ ಮೇಲೆ ನೀರು ಚಿಮುಕಿಸಿ ಸದ್ದು ಮಾಡಿದೆ.

ಅವಳು ಬಡಕಲಾದಳು. ಮನೆಗೆ ಏನನ್ನೂ ಕೊಳ್ಳುವುದಿಲ್ಲ, ನಾಳೆಯ ಮಾತೇ ಇಲ್ಲ. "ಚಳಿಗಾಲ ಬರ್ತಿದೆ, ಒಂದು ಹೊದಿಕೆ ತರೋಣ" ಎಂದರೆ, "ಆಮೇಲೆ ನೋಡೋಣ" ಎಂದು ಗೋಡೆಯ ಕಡೆ ತಿರುಗುವಳು. ಹೊದಿಕೆ ಬೇಕೆನಿಸಿದರೆ ಕೆಲಸ ಬೇಕೆನಿಸುತ್ತದೆ ಎಂಬ ಭಯ.

ಮೊನ್ನೆ ಸಂಜೆ ಮಾಸ್ತರು ಚಪ್ಪಲಿ ಮೆಟ್ಟಿಕೊಳ್ಳುತ್ತ, ಎಂದೂ ಇಲ್ಲದೆ, ಅವಳ ಮುಖ ನೋಡಿ ಹೇಳಿದರು: "ನಾಳೆಯಿಂದ ಬರಬೇಡಮ್ಮ." ಬೆಳಿಗ್ಗೆ ಒಮ್ಮೆ ಹೇಳಿ ಆಗಿತ್ತು.

ದಾರಿಯಲ್ಲಿ ಅವಳು ನನ್ನ ತೋಳು ಹಿಡಿದುಕೊಂಡಳು. "ಇವತ್ತು ಅಂದದ್ದು ನಿಜಾನಾ?"

"ಗೊತ್ತಿಲ್ಲಕ್ಕ."

"ಗೊತ್ತಿದ್ರೂ ಹೇಳಬೇಡ."

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ತಲೆ ಬಾಚಿಕೊಂಡು, ಚೀಲ ಮಡಿಲಲ್ಲಿಟ್ಟು ಹೊಸ್ತಿಲ ಹತ್ತಿರ ಕೂತಿದ್ದಳು. ಹೋಗೋಣವೇ ಎಂದು ಕೇಳಲಿಲ್ಲ. ನಾನೂ ಕೇಳಲಿಲ್ಲ. ಎರಡು ಕೈಯೂ ಚೀಲದ ಮೇಲೆ ಇದ್ದವು, ಕಲ್ಲಿನ ಹಾಗೆ ನಿಶ್ಚಲ.