ಬದ್ರುದ್ದೀನ್ ಕಾಕನ ಒಲೆ, ಸಾರ್ಡಿನಿಯಾದ ರೊಟ್ಟಿ

"ನಿನ್ನ ಸಿನಿಮಾ ಇಟಾಲಿಯನ್ನಿನಲ್ಲಿ ಮಾತಾಡಲಿ. ಇಲ್ಲವೇ ನನ್ನ ಬೇಕರಿ ಖಾಲಿ ಮಾಡು" ಎಂದುಬಿಟ್ಟ ರಿಕಾರ್ಡೊ. ದುಬೈಯ ರಾಸ್ ಅಲ್ ಖೋರ್‌ನಲ್ಲಿ ದೊಡ್ಡ ಬೇಕರಿ ನಡೆಸುವ ಮಿಲಾನಿನ ಮನುಷ್ಯ. ಸಿನಿಮಾಕ್ಕೆ ಒಲೆ ಬಿಟ್ಟುಕೊಟ್ಟ ಮೇಲೆ ಭಾಷೆಯೂ ತನ್ನದೇ ಎಂದುಕೊಂಡಿದ್ದ.

ಗವೀನೊ ತಲೆ ತಗ್ಗಿಸಿದ. ಇಟಲಿಯ ಸಾರ್ಡಿನಿಯಾ ದ್ವೀಪದ ಈ ಹುಡುಗ ಅಬುಧಾಬಿಯ ಹೋಟೆಲೊಂದರಲ್ಲಿ ಅಡುಗೆಯವನು. ತೀರಿಕೊಂಡ ತಾಯಿಯ ಕುರಿತು, ಅವಳು ಆಡುತ್ತಿದ್ದ ಸಾರ್ಡಿನಿಯನ್ ಮಾತಿನಲ್ಲೇ, ರಜೆ ಸಿಕ್ಕಾಗಲೆಲ್ಲ ಸಿನಿಮಾ ತೆಗೆಯುತ್ತಿದ್ದ. ತಾಯಿಯ ಪಾತ್ರ ಅದೇ ಹೋಟೆಲಿನ ಲಾಂಡ್ರಿ ನೋಡಿಕೊಳ್ಳುವ ಕಿನ್ನಿಗೋಳಿಯ ರೊಸಲಿನ್‌ಳದು. ಕಲಸಿದ ಹಿಟ್ಟನ್ನು ಮುಚ್ಚುವ ಮೊದಲು ಅವಳು ಅಂಗೈ ಅಂಚಿನಿಂದ ಅದರ ಮೇಲೆ ಶಿಲುಬೆ ಎಳೆಯುವುದನ್ನು ಒಮ್ಮೆ ನೋಡಿದ್ದ. ಅವನ ತಾಯಿಯೂ ಹಾಗೇ ಮಾಡುತ್ತಿದ್ದಳಂತೆ. ಅವನು ಫೋನಿಗೆ ಕಳಿಸಿದ ಮಾತುಗಳನ್ನು ರೊಸಲಿನ್ ಬೆಡ್‌ಶೀಟ್ ಮಡಚುತ್ತ ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು. ಉಳಿದದ್ದು ರೊಟ್ಟಿಯ ದೃಶ್ಯ ಒಂದೇ.

"ಆ ಭಾಷೆ ಯಾರಿಗೆ ಅರ್ಥವಾಗುತ್ತದೆ?" ಎಂದ ರಿಕಾರ್ಡೊ.

"ಮಂಗಳೂರಿನ ನನಗೇ ಆಯಿತಲ್ಲ ಸರ್" ಎಂದಳು ರೊಸಲಿನ್. "ಒಲೆ ನಿಮ್ಮದು, ಇಟ್ಟುಕೊಳ್ಳಿ. ಹಿಟ್ಟು ನಾನು ಕಲಸಿದ್ದು."

ಪಾತ್ರೆ ಎತ್ತಿಕೊಂಡು ಹೊರಗೆ ನಡೆದಳು. ಗವೀನೊ ಕ್ಯಾಮೆರಾ ಹಿಡಿದು ಹಿಂದೆಯೇ ಓಡಿದ. ಟ್ಯಾಕ್ಸಿಯಲ್ಲಿ ಅವಳ ಮಡಿಲಲ್ಲೇ ಹಿಟ್ಟು ಉಬ್ಬತೊಡಗಿತು.

ಕರಾಮದ ಹಿಂದಿನ ಗಲ್ಲಿಯಲ್ಲಿ ಬದ್ರುದ್ದೀನ್ ಕಾಕನ ಪುಟ್ಟ ಬೇಕರಿ. ಉಳ್ಳಾಲದ ಬ್ಯಾರಿ, ರೊಸಲಿನ್‌ಗೆ ಹಳೆಯ ಪರಿಚಯ.

"ಎಂತ ರೊಸಲಿನ್ ಬಾಯಿ, ಪಾತ್ರೆ ಹಿಡ್ಕೊಂಡು ಓಡಿ ಬಂದದ್ದು? ಯಾರದ್ದು ಮದುವೆ?"

"ಸಿನಿಮಾ ಕಾಕ. ಇವನ ಮನೆಮಾತು ಭಾಷೆಯೇ ಅಲ್ಲ ಅಂತ ಒಬ್ಬ ಓಡಿಸಿದ."

ಕಾಕ ಗವೀನೊನನ್ನು ಮೇಲಿನಿಂದ ಕೆಳಗೆ ನೋಡಿದರು. "ನಮ್ಮ ಬ್ಯಾರಿ ಭಾಷೆಗೂ ಶಾಲೆಯಲ್ಲಿ ಮಾಸ್ಟ್ರು ಹಾಗೇ ಹೇಳ್ತಿದ್ರು. ಸಂಜೆ ಖುಬೂಸ್ ರೊಟ್ಟಿ ಶುರು ಮಾಡುವ ಮೊದಲು ಮುಗಿಸಿ."

ಧ್ವನಿ ಹಿಡಿಯಬೇಕಲ್ಲ, ಫ್ಯಾನೂ ಏಸಿಯೂ ಬಂದ್. ಬೇಕರಿಯೇ ಒಲೆಯಾಯಿತು. ರೊಸಲಿನ್ ಸಾರ್ಡಿನಿಯನ್ನಿನಲ್ಲಿ ಗೊಣಗುತ್ತ ಹಿಟ್ಟು ನಾದಿದಳು, ಶಿಲುಬೆ ಎಳೆದಳು. ಒಲೆಯ ಹದ ಗೊತ್ತಿದ್ದವರು ಕಾಕ ಒಬ್ಬರೇ ಆದ್ದರಿಂದ ರೊಟ್ಟಿ ಒಳಗಿಡುವ ಕೈ ಅವರದಾಯಿತು. ಕೈ ನೀಡಿದವರೇ ಅಭ್ಯಾಸಬಲದಿಂದ ಗಟ್ಟಿಯಾಗಿ "ಬಿಸ್ಮಿಲ್ಲಾ" ಎಂದರು.

ಗವೀನೊ ಕ್ಯಾಮೆರಾ ನಿಲ್ಲಿಸಿದ.

"ಬಾಯಿ ತಪ್ಪಿತು ಮಾರಾಯ್ತಿ" ಎಂದರು ಕಾಕ, ಫ್ಯಾನ್ ಹಾಕುತ್ತ. "ಅದು ಹೇಳದೆ ನಾನು ಒಲೆಗೆ ಏನೂ ಇಟ್ಟದ್ದಿಲ್ಲ."

ಅಷ್ಟರಲ್ಲಿ ರಿಕಾರ್ಡೊನ ಫೋನು. ಗವೀನೊ ಸ್ಪೀಕರ್‌ಗೆ ಹಾಕಿದ. ಒಲೆ ಖಾಲಿ ಇದೆ, ಏಸಿಯೂ ಇದೆ, ಬನ್ನಿ. ದನಿಯನ್ನು ಆಮೇಲೆ ಇಟಾಲಿಯನ್ನಿನಲ್ಲಿ ಸೇರಿಸಿದರಾಯಿತು ಎಂದು ರಿಕಾರ್ಡೊ ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ಗವೀನೊನ ಅಂಗಿ ಮೈಗಂಟಿತ್ತು. ಅವನು ರೊಸಲಿನ್ ಮುಖ ನೋಡಿದ.

ಅವಳು ಒದ್ದೆ ಬಟ್ಟೆ ಸರಿಸಿ ತೋರಿಸಿದಳು. ಅರ್ಧ ಹಿಟ್ಟು ಎತ್ತಿಟ್ಟಿದ್ದಳು.

"ಒಲೆ ಸಿಕ್ಕಿತು ಅಂತ ಹೇಳು ಅವನಿಗೆ."

ಗವೀನೊ ಹೇಳಿದ. ಶಾಂತವಾಗಿ, ಉದ್ದಕ್ಕೆ, ಸಾರ್ಡಿನಿಯನ್ನಿನಲ್ಲಿ. ಅತ್ತ ಕಡೆ ರಿಕಾರ್ಡೊ "ಏನು? ಏನು?" ಎನ್ನುತ್ತಿರುವಾಗಲೇ ಫೋನ್ ಇಟ್ಟ.

"ಕಾಕ, ಈ ಸಲ ಮನಸ್ಸಲ್ಲೇ ಹೇಳಿ" ಎಂದು ರೊಸಲಿನ್ ಉಡುಪಿನ ತೋಳು ಮೇಲಕ್ಕೆ ಮಡಚಿದಳು.

ಕಾಕ ಎದ್ದು ಹೋಗಿ ಫ್ಯಾನ್ ಆರಿಸಿದರು.